ಹಜಾರದ ತಾವರೆ

ಯಾರೋ ಬಾಗಿಲನ್ನು ಮೂರು ಸಲ ಬಡಿದರು.

ಇದ್ರೀಸ್ ಎದ್ದು ಕುಳಿತ. ಮಳೆ ನಿಂತು ಬಹಳ ಹೊತ್ತಾಗಿತ್ತು. ತಗಡಿನ ಮಾಡಿನ ಮೇಲೆ ಮರದ ಹನಿ ಮಾತ್ರ ಆಗೊಮ್ಮೆ ಈಗೊಮ್ಮೆ ಬೀಳುತ್ತಿತ್ತು.

"ಯಾರು?"

 ಅಗುಳಿ ತೆಗೆದ. ಹೊರಗೆ ಯಾರೂ ಇರಲಿಲ್ಲ. ಕಾಫಿಗಿಡಗಳ ನಡುವೆ ಒದ್ದೆ ಎಲೆಗಳ ಮೇಲೆ ಓಡುವ ಬರಿಗಾಲಿನ ಸದ್ದು ಒಂದು ಕ್ಷಣ ಕೇಳಿಸಿತು, ಅಷ್ಟೆ. ಹೊಸಿಲಿನ ಮೇಲೆ ಹರಕು ಕಂಬಳಿಯ ತುಂಡೊಂದು ಬಿದ್ದಿತ್ತು. ಅದರೊಳಗೆ ಏನೋ ಸುತ್ತಿತ್ತು. ಅವನು ದೀಪ ಹಚ್ಚುವುದಕ್ಕೆ ಮೊದಲೇ ಬೆರಳು ಅದನ್ನು ಗುರುತಿಸಿತು. ಗಾರೆಯ ದಳ. ಅವನೇ ಕೊರೆದ ಅಚ್ಚು, ಅವನೇ ಹೊಯ್ದ ಗಾರೆ. ಮೂರು ದಿನಗಳ ಹಿಂದೆ ಸಾಹುಕಾರರ ಹಜಾರದ ಮಾಡಿನಿಂದ ಕಳಚಿ, ಕೆಳಗಿದ್ದ ಕೂಲಿ ಹೆಂಗಸು ರಾಮಮ್ಮನನ್ನು ಕೊಂದ ತಾವರೆಯ ಒಂದು ದಳ.

ಇದ್ರೀಸ್ ಅದನ್ನು ಗೆಣ್ಣಿನಿಂದ ತಟ್ಟಿದ. ಚೆನ್ನಾಗಿ ಒಣಗಿದ ಗಾರೆ ಮಡಕೆಯಂತೆ ಸದ್ದು ಮಾಡುತ್ತದೆ. ಇದು ಹತ್ತಿಯ ದಿಂಬಿನಂತೆ ಸುಮ್ಮನಿತ್ತು. ಹಿಂಬದಿಗೆ ಬಳಿದಿದ್ದ ಸುಣ್ಣವನ್ನು ಉಗುರಿನಿಂದ ಕೆರೆದ. ಒಳಗಿನ ಗೋಣಿಬಟ್ಟೆ ಹೊಗೆ ಕುಡಿದು ಕಪ್ಪಿಟ್ಟಿತ್ತು. ಅದರ ಮಡಿಕೆಯಲ್ಲಿ ಒಂದು ಏಲಕ್ಕಿಕಾಯಿ ಸಿಕ್ಕಿಕೊಂಡಿತ್ತು. ಸುಟ್ಟು ಕಪ್ಪಾದ ಕಾಯಿ. ಮೂಗಿಗೆ ಹಿಡಿದ. ವಾಸನೆ ಇನ್ನೂ ಇತ್ತು.

ಅವನು ಆ ರಾತ್ರಿ ಮತ್ತೆ ಮಲಗಲಿಲ್ಲ.

ಅದು ಮೂವತ್ತೆಂಟನೆಯ ಇಸವಿ. ಬಾಳೂರಿನ ಆಚೆ ಓಂಕಾರಮೂರ್ತಿ ಸಾಹುಕಾರರ ಎಸ್ಟೇಟಿನಲ್ಲಿ ಹೊಸ ಬಂಗಲೆ ಎದ್ದಿತ್ತು. ಹಜಾರದ ಮಾಡಿಗೆ ಬಿಳಿ ಗಾರೆಯ ಬಳ್ಳಿ, ಗೋಡೆಯಂಚಿಗೆ ಕಾರ್ನಿಸು, ನಟ್ಟನಡುವೆ ಐದಡಿ ಅಗಲದ ತಾವರೆ ಬೇಕೆಂದು ಸಾಹುಕಾರರು ಮೈಸೂರಿನಿಂದ ಇದ್ರೀಸನನ್ನು ಕರೆಸಿದ್ದರು. ಅವನ ಹೆಂಡತಿ ಮರಿಯಂ ಬಣಕಲ್ಲಿನವಳು. ತೌರಿಗೆ ಹತ್ತಿರವಾಗುತ್ತದೆಂದು ಅವಳೇ ಒತ್ತಾಯಿಸಿ ಅವನನ್ನು ಒಪ್ಪಿಸಿದ್ದಳು. ಈಗ ಅವಳು ಕೂಸಿನೊಡನೆ ಬಣಕಲ್ಲಿನಲ್ಲಿದ್ದಳು. ಇದ್ರೀಸ್ ಎಸ್ಟೇಟಿನ ಹಳೆಯ ಗೋದಾಮಿನಲ್ಲಿದ್ದ, ಒಬ್ಬನೇ.

ಮೈಸೂರಿನಲ್ಲಿ ಈ ಕೆಲಸಕ್ಕೆ ಇಪ್ಪತ್ತು ಜನ ಒಟ್ಟಿಗೆ ಕೂರುತ್ತಿದ್ದರು. ಒಬ್ಬ ಅಚ್ಚಿಗೆ ಎಣ್ಣೆ ಸವರಿದರೆ ಒಬ್ಬ ಗಾರೆ ಕಲಸುವವನು. ಇನ್ನೊಬ್ಬ ಗೋಣಿಬಟ್ಟೆ ಅದ್ದುವವನು. ನಗು, ಬೈಗುಳ, ಬೀಡಿ. ಇಲ್ಲಿ ಎಲ್ಲವೂ ಅವನೇ. ಕಾಫಿಯ ಹಳೆಯ ಚೀಲಗಳನ್ನು ಕತ್ತರಿಸಿ, ಗಾರೆಯಲ್ಲಿ ಅದ್ದಿ, ಅಚ್ಚಿನೊಳಗೆ ಪದರ ಪದರವಾಗಿ ಹಾಸುತ್ತಿದ್ದ. ಆ ನಾರೇ ಗಾರೆಯನ್ನು ಹಿಡಿದುಕೊಳ್ಳುವುದು. ತುಂಡು ಒಣಗಿದ ಮೇಲೆ ಮಾಡಿನ ತೊಲೆಗೆ ಸತುವಿನ ತಂತಿಯಲ್ಲಿ ಬಿಗಿಯಬೇಕು. ಗೆಣ್ಣಿನಿಂದ ತಟ್ಟಿ ಸದ್ದು ಕೇಳಬೇಕು. ಆ ಸದ್ದು ಸರಿಯೋ ತಪ್ಪೋ ಎಂದು ಕೇಳಲು ಈ ಬೆಟ್ಟಗಳಲ್ಲಿ ಅವನ ಪಾಲಿಗೆ ಇನ್ನೊಂದು ಕಿವಿ ಇರಲಿಲ್ಲ.

ಕೇಳಿದವರು ಒಬ್ಬರೇ. ಸಾಹುಕಾರರ ಹೆಂಡತಿ ವಿಮಲಮ್ಮ. ದಿನಕ್ಕೊಮ್ಮೆ ಹಜಾರದ ಬಾಗಿಲಲ್ಲಿ ನಿಂತು, "ಇದೆಂಥದು ಇದ್ರೀಸ್? ಇದ್ಯಾಕೆ ಹಿಂಗೆ?" ಎಂದು ವಿಚಾರಿಸುತ್ತಿದ್ದರು. ಬೆಲ್ಲದ ಕಾಫಿ ಕಳಿಸುತ್ತಿದ್ದರು. ಇಡೀ ದಿನ ಮಾತಿಲ್ಲದೆ ಕಳೆದವನಿಗೆ ಆ ಎರಡು ಪ್ರಶ್ನೆಗಳೇ ಊಟದಂತಿದ್ದವು.

ಶ್ರಾವಣದಲ್ಲಿ ಬೀಗರು ಬರುವವರಿದ್ದರು. ಸಾಹುಕಾರರ ಮಗಳನ್ನು ನೋಡುವುದಕ್ಕೆ, ಅದಕ್ಕಿಂತ ಹೆಚ್ಚಾಗಿ ಬಂಗಲೆಯನ್ನು ನೋಡುವುದಕ್ಕೆ. ಮಳೆ ಬಿಡದೆ ಸುರಿಯುತ್ತಿತ್ತು. ಕಾರ್ನಿಸು ಹೇಗೋ ಒಣಗಿ ಮೇಲೆ ಹತ್ತಿತ್ತು. ತಾವರೆಯ ತುಂಡುಗಳು ಮಾತ್ರ ಒಣಗಲೇ ಇಲ್ಲ. ಒಂದು ದಿನ ಸಾಹುಕಾರರು, ವಿಮಲಮ್ಮ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ವೆಂಕಟೇಶ ಮೂವರೂ ಹಜಾರದಲ್ಲಿ ನಿಂತಿದ್ದಾಗ ಇದ್ರೀಸ್ ಹೇಳಿದ್ದ:

"ಇದಕ್ಕೆ ಗಾಳಿ ಬೇಕು, ಸಾಹುಕಾರ್ರೇ. ಬೆಂಕಿ ಬ್ಯಾಡ. ಸುಣ್ಣದ ಗಾರೆ ಅಲ್ಲ, ಒಂದು ಥರದ ಮೆದು ಕಲ್ಲನ್ನ ಬೇಯ್ಸಿ ಮಾಡಿದ ಹಿಟ್ಟು ಇದು. ನೀರು ಕುಡಿದು ಕಲ್ಲಾಗ್ತದೆ. ಮತ್ತೆ ಬೆಂಕಿ ಕಂಡ್ರೆ ಮತ್ತೆ ಹಿಟ್ಟೇ. ಮೇಲೆ ನಿಲ್ಲಲ್ಲ."

"ಹಿಟ್ಟೋ ರೊಟ್ಟಿಯೋ ನಂಗೆ ಗೊತ್ತಿಲ್ಲ," ಎಂದಿದ್ದರು ಓಂಕಾರಮೂರ್ತಿ. "ಬೀಗರು ಬಂದು ತಲೆ ಎತ್ತಿದ್ರೆ ಅಲ್ಲಿ ತಾವರೆ ಕಾಣ್ಬೇಕು. ಕಾಣ್ದಿದ್ರೆ ನಿನ್ನನ್ನೇ ನೇತು ಹಾಕ್ತೀನಿ."

ರೈಟರ್ ನಕ್ಕಿದ್ದ. ವಿಮಲಮ್ಮ ಮಾತ್ರ, "ಎಷ್ಟು ಬೆಂಕಿಗೆ ಹಿಟ್ಟಾಗ್ತದೆ?" ಎಂದು ಕೇಳಿದ್ದರು. ಅವರು ಹಾಗೆಯೇ. ಎಲ್ಲವನ್ನೂ ಕೇಳಿ ತಿಳಿಯುವವರು.

ಆ ವಾರವೇ ಕೂಸಿಗೆ ಜ್ವರವೆಂದು ಬಣಕಲ್ಲಿನಿಂದ ಹೇಳಿಕಳಿಸಿದ್ದರು. ಇದ್ರೀಸ್ ನಾಲ್ಕು ದಿನ ಹೋಗಿದ್ದ. ಮರಳಿದಾಗ ತಾವರೆಯ ತುಂಡುಗಳು ಒಣಗಿ, ಹಗುರಾಗಿ, ವರಾಂಡದಲ್ಲಿ ಸಾಲಾಗಿ ನಿಂತಿದ್ದವು. ಹಿಂಬದಿಗೆ ಸುಣ್ಣ ಬಳಿದಿತ್ತು.

"ಇದ್ಯಾರು ಬಳಿದ್ರು, ರೈಟರ್ರೇ?"

"ಗೆದ್ದಲು ಹತ್ತಬಾರ್ದು ಅಂತ ಬಳಿಸಿದ್ದಂತೆ, ಮಾರಾಯ. ಮೂರು ದಿನ ಒಳ್ಳೇ ಬಿಸಿಲಿತ್ತಂತೆ ಇಲ್ಲಿ. ನಿನ್ನ ದೇವ್ರು ದೊಡ್ಡೋನು. ಬೇಗ ಹತ್ಸು."

ತಟ್ಟಿ ನೋಡಿದ್ದ. ಸದ್ದು ಸರಿಯೆನಿಸಿರಲಿಲ್ಲ. ಬೀಗರು ಬರಲು ಎರಡೇ ದಿನ ಉಳಿದಿತ್ತು. ಸುಣ್ಣದ ಪದರದಿಂದ ಸದ್ದು ಮಂಕಾಗಿರಬೇಕೆಂದು ತನಗೆ ತಾನೇ ಹೇಳಿಕೊಂಡು ಮೇಲೆ ಹತ್ತಿಸಿದ್ದ. ಅದೊಂದು ಅವನ ತಪ್ಪು. ಅದನ್ನು ಅವನು ಒಮ್ಮೆಯೂ ಅಲ್ಲಗಳೆಯಲಿಲ್ಲ.

ಬೀಗರು ಬಂದರು. ತಲೆ ಎತ್ತಿದರು. ಮೆಚ್ಚಿದರು. ಮರುದಿನ ಪೂಜೆ ನಡೆಯಿತು, ಹಜಾರ ಶುದ್ಧವಾಯಿತು. ಅಲ್ಲಿಂದಾಚೆಗೆ ಇದ್ರೀಸನಿಗೆ ಅದರೊಳಗೆ ಕಾಲಿಡಲು ಅಪ್ಪಣೆಯಿರಲಿಲ್ಲ. ತನ್ನ ತಾವರೆಯನ್ನು ಅವನು ಕಿಟಕಿಯಿಂದಲೂ ನೋಡುವಂತಿರಲಿಲ್ಲ. ಹೊರಗಿನ ಆಫೀಸು ಕೋಣೆಗೆ ಬಳ್ಳಿ ಕೂರಿಸುತ್ತಾ ಇದ್ದುಬಿಟ್ಟ. ಒಳಗೆ ಪ್ರತಿ ಬೆಳಗ್ಗೆ ನೆಲದ ಮೇಲೆ ಬಿಳಿ ಹುಡಿ ಉದುರುತ್ತಿದ್ದದ್ದನ್ನು ಯಾರೂ ಅವನಿಗೆ ಹೇಳಲಿಲ್ಲ.

ಹದಿನೈದು ದಿನ ಹುಡಿ ಉದುರಿತು. ಹದಿನಾರನೆಯ ದಿನ ತಾವರೆ ಬಿತ್ತು.

ಬೆಳಗಾದ ಕೂಡಲೆ ಇದ್ರೀಸ್ ಏಲಕ್ಕಿ ಗೂಡಿಗೆ ಹೋದ. ಗುಡ್ಡದ ಅಂಚಿನಲ್ಲಿದ್ದ ಆ ಗೂಡಿನ ಕೆಳಗೆ ಒಲೆ, ಮೇಲೆ ಬಿದಿರಿನ ತಟ್ಟಿಗಳ ಮೇಲೆ ಹಸಿರು ಕಾಯಿ. ಒಲೆ ಕಾಯುವವನು ಭೂತಯ್ಯ, ಸತ್ತ ರಾಮಮ್ಮನ ಗಂಡ. ಮಣ್ಣು ಮಾಡಿದ ಮರುದಿನವೇ ಅವನನ್ನು ಕೆಲಸಕ್ಕೆ ಕರೆದಿದ್ದರು. ಕೊಯ್ದ ಏಲಕ್ಕಿ ಯಾರಿಗೂ ಕಾಯುವುದಿಲ್ಲವಲ್ಲ.

ಇದ್ರೀಸ್ ದಳವನ್ನು ಅವನ ಮುಂದಿಟ್ಟ.

"ನಿನ್ನೆ ಬಾಗ್ಲು ಬಡ್ದಿದ್ದು ನೀನಾ?"

ಭೂತಯ್ಯ ಕಟ್ಟಿಗೆಯನ್ನು ಒಲೆಗೆ ನೂಕಿದ. ಮುಖ ತಿರುಗಿಸಲಿಲ್ಲ.

"ನಾನೇ. ಒಂದು ಮಾತು ಕೇಳಣ ಅಂತ ಬಂದೆ. ಬಡ್ದ ಮೇಲೆ ಕಾಲು ನಿಲ್ಲಲಿಲ್ಲ."

"ಎಂಥ ಮಾತು? ಈಗ ಕೇಳು."

"ಎಂತಕ್ಕೆ ಹಿಂಗೆ ಮಾಡ್ಸಿದ್ರಿ ಸಾಬ್ರೇ?" ಭೂತಯ್ಯ ಈಗ ತಿರುಗಿದ. ಕಣ್ಣು ಹೊಗೆಗೋ ಬೇರೆಯದಕ್ಕೋ ಕೆಂಪಾಗಿತ್ತು. "ಗೂಡಿನಾಗೆ ಇಟ್ಟು ಮೂರು ದಿನ ಬೇಯ್ಸು ಅಂತ ನೀವೇ ಹೇಳಿ ಹೋದ್ರಂತೆ. ಏಲಕ್ಕಿಗೆ ಹಾಕೋ ಬೆಂಕಿ ಸಾಲಲ್ಲ, ಮೂರು ಪಾಲು ಹಾಕು ಅಂದ್ರಂತೆ. ಹಾಕ್ದೆ. ಹಗಲೂ ರಾತ್ರಿ ಹಾಕ್ದೆ. ನನ್ನ ಕೈಯಾರೆ ಬೇಯ್ಸಿ ನನ್ನ ರಾಮಿ ತಲೆ ಮೇಲೆ ಕೆಡವಿದೆ."

ಇದ್ರೀಸ್ ಅಲ್ಲೇ ಕುಕ್ಕರಿಸಿದ.

"ಭೂತಯ್ಯ, ನನ್ನ ಕೂಸಿನ ಮೇಲಾಣೆ. ಬೆಂಕಿ ತೋರಿಸ್ಬ್ಯಾಡಿ ಅಂತ ಹೇಳ್ದೋನು ನಾನು. ಮೂವರ ಎದುರಿಗೆ ಹೇಳಿದೀನಿ."

ಒಲೆಯಲ್ಲಿ ಹಸಿ ಕಟ್ಟಿಗೆ ಸೀಟಿಹಾಕಿತು. ಭೂತಯ್ಯ ಕೈಯಲ್ಲಿದ್ದ ಕಟ್ಟಿಗೆಯನ್ನು ಕೆಳಗಿಟ್ಟ.

"ನೀವು ಹೇಳ್ಲಿಲ್ವಾ?"

"ಇಲ್ಲ. ನಿಂಗೆ ಹೇಳ್ದೋರು ಯಾರು? ಸಾಹುಕಾರ್ರಾ?"

 ಭೂತಯ್ಯನ ನೋಟ ಕೆಳಗಿನ ಕೂಲಿಲೈನಿನ ಮನೆಸಾಲಿನ ಕಡೆಗೆ ಹೋಯಿತು. ಮೂರನೆಯ ಬಾಗಿಲಲ್ಲಿ ಅವನ ಮಗಳು ತಾಯಿಯ ಸೀರೆ ಹರಡುತ್ತಿದ್ದಳು. ಆ ಬಾಗಿಲೂ, ಅದರ ಮೇಲಿನ ಹುಲ್ಲೂ, ಕೆಳಗಿನ ನೆಲವೂ ಎಸ್ಟೇಟಿನದು.

"ಹೋಗಿ ಸಾಬ್ರೇ," ಎಂದ. "ನೀವು ಊರು ಬಿಟ್ಟೋಗೋರು. ನಾ ಎಲ್ಲಿಗೆ ಹೋಗ್ಲಿ?"

ಮಧ್ಯಾಹ್ನ ರೈಟರ್ ವೆಂಕಟೇಶ ಗೋದಾಮಿಗೆ ಬಂದ. ಒಂದು ಹಾಳೆ, ಒಂದು ಶಾಯಿಯ ದೌತಿ. ನಾಳೆ ತಾಲ್ಲೂಕಿನ ಅಮಲ್ದಾರರು ಸಾವಿನ ವಿಚಾರಣೆಗೆ ಬರುತ್ತಾರೆಂದ.

"ಇಲ್ಲೊಂದು ಹೆಬ್ಬೆಟ್ಟು ಒತ್ತಿಬಿಡು ಮಾರಾಯ. ಗಾರೆ ಕಲಸುವಾಗ ಹದ ತಪ್ಪಿತು ಅಂತ ಬರ್ದಿದೆ. ಬೇಕೂಂತ ಮಾಡಿದ್ದಲ್ಲ, ಅಚಾತುರ್ಯ. ಸಾಹುಕಾರ್ರು ಮಾತಾಡಿ ಹಗುರ ಮಾಡಿಸ್ತಾರೆ."

"ಇಲ್ಲಿ ಕೊಡಿ. ಓದ್ತೀನಿ."

ರೈಟರ್ ನಕ್ಕ. "ನೀನು ಯಾವಾಗ ಕನ್ನಡ ಕಲ್ತಿ?"

ಇದ್ರೀಸ್ ಶಾಲೆಗೆ ಹೋದವನಲ್ಲ. ಆದರೆ ಮೈಸೂರಿನಲ್ಲಿ ದೊಡ್ಡ ಮನೆಗಳ ಹೆಸರುಗಳನ್ನು ಗಾರೆಯಲ್ಲಿ ಹೊಯ್ದು ಬಾಗಿಲ ಮೇಲೆ ಕೂರಿಸಿದ್ದ. ಒಂದೊಂದು ಅಕ್ಷರವನ್ನೂ ತಿರುಗುಮುರುಗಾಗಿ ಅಚ್ಚಿನಲ್ಲಿ ಕೊರೆದು ಕಲಿತಿದ್ದ. ಹಾಳೆಯನ್ನು ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದ. ಮೊದಲನೆಯ ಸಾಲು ರೈಟರ್ ಹೇಳಿದಂತೆಯೇ ಇತ್ತು. ಎರಡನೆಯ ಸಾಲಿನಲ್ಲಿ ಅವನ ಬೆರಳು ನಿಂತಿತು.

"ಇದೆಂಥದು ಬರ್ದಿದೀರಿ? 'ಕಳುವು ಮಾಡುವ ಉದ್ದೇಶದಿಂದ ಯಾರ ಅಪ್ಪಣೆಯೂ ಇಲ್ಲದೆ ಹಜಾರ ಹೊಕ್ಕ ರಾಮಿ'... ಅದು ನಂಗೆ ಹೆಂಗೆ ಗೊತ್ತು? ನಾನು ಅಲ್ಲಿದ್ನಾ?"

"ಮತ್ತೆ ಲೈನಿನ ಹೆಂಗಸು ಹಜಾರದಲ್ಲಿ ಯಾಕಿದ್ಲು, ಹೇಳು? ಹಿತ್ತಲ ವರಾಂಡ ದಾಟಿದೋಳಲ್ಲ ಅವಳು."

"ಅದನ್ನೇ ನಾನೂ ಕೇಳ್ತೀನಿ. ಯಾರೂ ಕರೀದೆ ಅವಳು ಹೊಸಿಲು ದಾಟ್ತಾಳಾ?"

ರೈಟರನ ನಗು ಆರಿತು. "ನೋಡು ಮಾರಾಯ, ನಂಗೂ ಹೆಂಡ್ತಿ ಮಕ್ಕಳಿದಾರೆ. ಹೇಳಿದ್ದು ಬರ್ದಿದೀನಿ, ಅಷ್ಟೆ. ನೀನು ಬಣಕಲ್ಲಿಗೆ ಹೋಗ್ವಾಗ ಅದೇ ಲಾರೀಲಿ ನಾನೂ ಮೂಡಿಗೆರೆಗೆ ಹೋಗಿಲ್ವಾ? ನಾಲ್ಕು ದಿನ ಅಕ್ಕಿ ಮಂಡೀಲಿದ್ದೆ. ಆಗ ಇಲ್ಲಿ ಎಂಥ ಆಯ್ತೋ ನಂಗೊತ್ತಿಲ್ಲ, ಗೊತ್ತಾಗೋದೂ ಬ್ಯಾಡ."

ಹಾಳೆಯನ್ನು ಅಲ್ಲೇ ಬಿಟ್ಟು ಹೋದ.

ಇದ್ರೀಸ್ ಎಣಿಸಿ ನೋಡಿದ. ಅವನ ಮಾತು ಕೇಳಿದವರು ಮೂವರು. ಲಾರಿಯಲ್ಲಿ ತನ್ನ ಪಕ್ಕವೇ ಕುಳಿತಿದ್ದವನು ರೈಟರ್. ಉಳಿದವರು ಸಾಹುಕಾರರು. ಅವನ ಎಣಿಕೆ ಅಲ್ಲಿಗೇ ನಿಂತಿತು. ಅದರಾಚೆಗೆ ಹೋಗಲು ಅವನ ಮನಸ್ಸು ಒಪ್ಪಲಿಲ್ಲ.

ಇಳಿಹೊತ್ತಿನಲ್ಲಿ ವಿಮಲಮ್ಮ ತಾವೇ ಬಂದರು. ಗೋದಾಮಿನ ಬಾಗಿಲಲ್ಲಿ ನಿಂತರು, ಎಂದಿನಂತೆ. ಮೂರು ದಿನದ ಬಳಿಕ ಒಬ್ಬರು ಅವನನ್ನು ಹೆಸರು ಹಿಡಿದು ಕರೆದರು.

"ಊಟ ಮಾಡಿದ್ರಾ ಇದ್ರೀಸ್?"

ಅವನು ಹೌದೆಂದು ತಲೆ ಆಡಿಸಿದ.

"ರಾಮಿ ಮನೆಗೆ ಹೋಗಿದ್ದೆ. ಆ ಹುಡುಗಿ ಮುಖ ನೋಡಕ್ಕಾಗಲ್ಲ. ಅವಳ ಮದುವೆ ಖರ್ಚು ನಂದೇ ಅಂತ ಭೂತಯ್ಯಂಗೆ ಹೇಳಿದೀನಿ. ನೀವು ಆ ಕಾಗದಕ್ಕೆ ಒಪ್ಪಿಬಿಡಿ. ಎಷ್ಟು ದಿನ ಒಬ್ಬರೇ ಹಿಂಗೆ ಕೂತಿರ್ತೀರಿ? ಒಪ್ಪಿದ್ರೆ ನಾಳೇನೇ ಮರಿಯಂ ಹತ್ರ ಹೋಗಬೌದು."

"ಒಪ್ಪಿದ್ರೆ ಇನ್ಯಾರು ನನ್ನ ಕೈಗೆ ಅಚ್ಚು ಕೊಡ್ತಾರಮ್ಮಾ? ನಾನು ಮಾಡಿದ್ದು ಬಿದ್ದು ಹೆಂಗಸು ಸತ್ತಳು ಅಂದ್ಮೇಲೆ ಮೈಸೂರಲ್ಲಿ ನನ್ನ ಉಸ್ತಾದರ ಬಾಗ್ಲಿಗೆ ಹೆಂಗೆ ಹೋಗ್ಲಿ?" ಅವನ ದನಿ ಏರಿತು. "ಗಾರೆ ಹದ ತಪ್ಪಿರ್ಲಿಲ್ಲ. ಯಾರೋ ಅದನ್ನ ಬೆಂಕಿಗೆ ಹಾಕಿದಾರೆ."

ವಿಮಲಮ್ಮ ಸೆರಗು ಸರಿಪಡಿಸಿಕೊಂಡರು.

"ಹಂಗಂತ ನಿಮಗೆ ಯಾರು ಹೇಳಿದ್ರು?"

ಭೂತಯ್ಯನ ಹೆಸರು ನಾಲಿಗೆಯ ತುದಿಗೆ ಬಂತು. ಮೂರನೆಯ ಬಾಗಿಲು ನೆನಪಾಯಿತು.

"ಗಾರೆನೇ ಹೇಳ್ತು, ಅಮ್ಮಾ."

ಅವರು ಇನ್ನೇನೂ ಕೇಳಲಿಲ್ಲ. ಬಂದ ಹಾಗೆಯೇ ಮೆಲ್ಲನೆ ಹೋದರು.

ಮರುದಿನ ಅಮಲ್ದಾರರು ಬಂಗಲೆಯ ಮುಂದಿನ ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡರು. ಪಕ್ಕದಲ್ಲಿ ಓಂಕಾರಮೂರ್ತಿ. ಹಜಾರದ ಬಾಗಿಲ ಹಿಂದೆ ವಿಮಲಮ್ಮ. ಅಂಗಳದಲ್ಲಿ ಲೈನಿನ ಜನರೆಲ್ಲ ನಿಂತಿದ್ದರು. ಭೂತಯ್ಯ ಎಲ್ಲರಿಗಿಂತ ಹಿಂದೆ ಇದ್ದ.

ರೈಟರ್ ಎಸ್ಟೇಟಿನ ಹೇಳಿಕೆಯನ್ನು ಗಟ್ಟಿಯಾಗಿ ಓದಿದ. ಗಾರೆಯ ಸಾಲು ಓದಿದ. ಎರಡನೆಯ ಸಾಲಿಗೆ ದನಿ ತಗ್ಗಿತು. ಆದರೂ ಎಲ್ಲರಿಗೂ ಕೇಳಿಸಿತು. ಅಂಗಳದಲ್ಲಿ ಒಂದು ಗೊಣಗು ಎದ್ದಿತು.

"ಕಳ್ಳಿಯಾ? ರಾಮಿಯಾ?" ಕಾಫಿ ಕುಯ್ಯುವ ಶಂಕರಮ್ಮ ಸೊಂಟಕ್ಕೆ ಕೈಯಿಟ್ಟಳು. "ಎಂಥ ಕದ್ಲಂತೆ ಸ್ವಾಮಿ? ತಲೆ ಮೇಲೆ ಬಿದ್ದ ತಾವರೇನಾ?"

"ಬಾಯ್ಮುಚ್ಚೆ!" ಎಂದರು ಓಂಕಾರಮೂರ್ತಿ.

ಅಮಲ್ದಾರರು ಹಾಳೆ ತಿರುಗಿಸಿದರು. "ಗಾರೆಯವನ ಒಪ್ಪಿಗೆ ಎಲ್ಲಿ?"

"ಒತ್ತಿಲ್ಲ ಸ್ವಾಮಿ," ಇದ್ರೀಸ್ ಮುಂದೆ ಬಂದ. "ಎರಡು ಬಟ್ಟಲು ನೀರು ಕೊಡ್ಸಿ. ಆಮೇಲೆ ತಾವೇ ಹೇಳಿ."

ನೀರು ಬಂತು. ಇದ್ರೀಸ್ ಎರಡು ತುಂಡು ಗಾರೆ ತೆಗೆದ. ಒಂದು, ತಾನು ಬಣಕಲ್ಲಿಗೆ ಹೋಗುವ ಮೊದಲೇ ಹೊಯ್ದು ಉಳಿದಿದ್ದ ಕಾರ್ನಿಸು. ಇನ್ನೊಂದು, ಬಿದ್ದ ತಾವರೆಯ ಆ ದಳ. ಕಾರ್ನಿಸನ್ನು ಸುತ್ತಿಗೆಯಿಂದ ಒಡೆದು ಕುಟ್ಟಿ ಪುಡಿ ಮಾಡಿದ. ತಾವರೆಗೆ ಸುತ್ತಿಗೆ ಬೇಕಾಗಲಿಲ್ಲ. ಅಂಗೈಯಲ್ಲಿ ಉಜ್ಜಿದರೆ ಸಾಕಾಯಿತು. ಒಂದೊಂದನ್ನೂ ಒಂದೊಂದು ಬಟ್ಟಲಿನಲ್ಲಿ ಕಲಸಿ ಮೆಟ್ಟಿಲ ಮೇಲಿಟ್ಟ.

"ಒಂದ್ಸಲ ಕಲ್ಲಾದ ಗಾರೆ, ಕುಟ್ಟಿ ನೀರು ಹಾಕಿದ್ರೆ ಮತ್ತೆ ಕಲ್ಲಾಗಲ್ಲ ಸ್ವಾಮಿ. ಕೆಸರಾಗೇ ಇರ್ತದೆ. ಮತ್ತೆ ಬೆಂಕಿ ಕಂಡಿದ್ರೆ ಮಾತ್ರ ಮತ್ತೆ ಕಲ್ಲಾಗ್ತದೆ."

 ಇಡೀ ಅಂಗಳ ಎರಡು ಬಟ್ಟಲುಗಳನ್ನು ನೋಡುತ್ತ ನಿಂತಿತು. ಇಷ್ಟು ದಿನ ಆ ಗಾರೆಯನ್ನು ಒಬ್ಬನೇ ನೋಡಿದ್ದವನ ಸುತ್ತ ಈಗ ಅರವತ್ತು ಜನ ನಿಂತಿದ್ದರು. ಸ್ವಲ್ಪ ಹೊತ್ತಿನ ಮೇಲೆ ಇದ್ರೀಸ್ ಮೊದಲ ಬಟ್ಟಲನ್ನು ಬಗ್ಗಿಸಿದ. ಬಿಳಿ ಕೆಸರು ಮೆಟ್ಟಿಲಿಳಿದು ಹರಿಯಿತು. ಎರಡನೆಯದನ್ನು ಬೋರಲು ಹಾಕಿದ. ಏನೂ ಬೀಳಲಿಲ್ಲ. ಅಮಲ್ದಾರರು ಎದ್ದು ಬಂದು ಒಳಗೆ ಬೆರಳಿಟ್ಟು ನೋಡಿದರು. ಅದು ಗಟ್ಟಿಯಾಗಿತ್ತು, ಕಲ್ಲಾಗುವಾಗಿನ ಕಾವಿಗೆ ಇನ್ನೂ ಬೆಚ್ಚಗಿತ್ತು.

"ಇದನ್ನು ಬೆಂಕಿಗೆ ಹಾಕಿಸಿದವರು ಯಾರು?"

"ಇವನು ಬಣಕಲ್ಲಿಗೆ ಹೋದ ವಾರ ನಾನು ಚಿಕ್ಕಮಗಳೂರಲ್ಲಿದ್ದೆ," ಓಂಕಾರಮೂರ್ತಿ ಥಟ್ಟನೆ ಅಂದರು. "ನಾಲ್ಕು ದಿನ. ಕೋರ್ಟಿನಲ್ಲಿ ಬೇಕಾದ್ರೆ ಕೇಳಿ. ಕೂಲಿಗಳ ಕೆಲಸ ಇದು. ಕುಡಿದು ಏನೋ ಮಾಡಿರ್ತಾರೆ."

"ಇಲ್ಲಿ ಅಷ್ಟು ಬೆಂಕಿ ಇರುವುದು ಏಲಕ್ಕಿ ಗೂಡಿನಲ್ಲಿ. ಅದನ್ನು ಕಾಯುವವನು ಯಾರು?"

ಜನ ಪಕ್ಕಕ್ಕೆ ಸರಿದರು. ಭೂತಯ್ಯ ಒಬ್ಬನೇ ಉಳಿದ.

"ನಾನೇ ಬುದ್ಧಿ. ನಾನೇ ಹಾಕ್ದೆ."

"ಯಾರ ಮಾತಿನ ಮೇಲೆ?"

ಭೂತಯ್ಯ ನೆಲ ನೋಡಿದ. ಅವನ ಮಗಳು ಅವನ ಪಂಚೆಯ ಅಂಚು ಹಿಡಿದಿದ್ದಳು. ಓಂಕಾರಮೂರ್ತಿ ಕೆಮ್ಮಿದರು. "ನೋಡ್ಕೊಂಡು ಮಾತಾಡು. ನಾಳೆ ಎಲ್ಲಿ ಮಲಗ್ತೀಯ ಅಂತ ಯೋಚ್ನೆ ಮಾಡಿ ಮಾತಾಡು."

"ನನ್ನ ಮನೇಲಿ ಮಲಗ್ತಾನೆ," ಎಂದಳು ಶಂಕರಮ್ಮ. ಮುಂದೆ ಬಂದು ಭೂತಯ್ಯನ ಪಕ್ಕ ನಿಂತಳು. "ನನ್ನನ್ನೂ ಓಡ್ಸಿದ್ರೆ ಇಬ್ರೂ ಬಾಳೂರು ರಸ್ತೇಲಿ ಮಲಗ್ತೀವಿ. ಹೇಳಾ ಭೂತಯ್ಯ. ಹೆಂಡ್ತೀನ ಕಳ್ಳಿ ಅಂದಾರೆ, ಇನ್ನೂ ಸುಮ್ನಿರ್ತೀಯಾ?"

ಇನ್ನೊಬ್ಬ ಬಂದು ನಿಂತ. ಆಮೇಲೆ ಮತ್ತಿಬ್ಬರು. ಅಂಗಳದ ಹಿಂದಿನ ಸಾಲು ಯಾರ ಅಪ್ಪಣೆಯೂ ಇಲ್ಲದೆ ಒಂದೊಂದೇ ಹೆಜ್ಜೆ ಮುಂದಕ್ಕೆ ಬಂತು. ರಾಶಿಯಿಂದ ಬಿಡಿಸಿದ ಕಾಯಿಗಳಂತೆ ಸದಾ ಬೇರೆ ಬೇರೆ ನಿಲ್ಲುತ್ತಿದ್ದ ಜನ ಮೆಟ್ಟಿಲವರೆಗೆ ಒತ್ತಾಗಿ ನಿಂತರು. ಅವರ ನಡುವೆ ಇದ್ರೀಸನೂ ಸಿಕ್ಕಿಕೊಂಡ. ಯಾರದೋ ಒದ್ದೆ ಕಂಬಳಿ ಅವನ ತೋಳಿಗೆ ತಾಗಿತು.

ಭೂತಯ್ಯ ತಲೆ ಎತ್ತಿದ. ಅವನ ಕಣ್ಣು ಸಾಹುಕಾರರ ಮೇಲೆ ನಿಲ್ಲಲಿಲ್ಲ, ರೈಟರನ ಮೇಲೂ ನಿಲ್ಲಲಿಲ್ಲ. ಇಬ್ಬರನ್ನೂ ದಾಟಿ ಹಜಾರದ ಬಾಗಿಲಿಗೆ ಹೋಯಿತು. ಇದ್ರೀಸ್ ಆ ನೋಟವನ್ನು ಹಿಂಬಾಲಿಸಿದ. 

"ಬೀಗರು ಬರೋದ್ರೊಳಗೆ ಒಣಗ್ಬೇಕು, ಗಾರೆ ಬೇಯ್ಸು, ಸಾಬ್ರೇ ಹೇಳಿದಾರೆ ಅಂದೋರೂ, ಹುಡಿ ಉದುರ್ತದೆ ಬಂದು ಗುಡ್ಸೆ ಅಂತ ರಾಮಿನ ಆ ಹೊಸಿಲು ದಾಟಿಸ್ದೋರೂ ಒಬ್ರೇ ಬುದ್ಧಿ: ವಿಮಲಮ್ಮನೋರು."